ಬೋರ್ಡು ಸಾಲದಾದಾಗ ಶುರುವಾಗುವ ಪಾಠ

ಲಂಡನ್ನಿನ ವಾಯವ್ಯ ಅಂಚಿನ ಹ್ಯಾರೋದಲ್ಲಿ, ವೀಲ್ಡ್‌ಸ್ಟನ್ ಕಡೆಗೆ, ಕೊಡಕ್ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು. 1891ರಲ್ಲಿ ಶುರುವಾದ ಅದು ಅಮೆರಿಕದ ಹೊರಗೆ ಆ ಕಂಪನಿ ತೆರೆದ ಮೊದಲ ಕಾರ್ಖಾನೆ. ಅದಕ್ಕೂ ಮೂರು ವರ್ಷ ಮೊದಲು, 1888ರಲ್ಲಿ, ಕಂಪನಿಯ ಸ್ಥಾಪಕ ಜಾರ್ಜ್ ಈಸ್ಟ್‌ಮನ್ ಒಂದು ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿದ್ದರು. ನೂರು ಚಿತ್ರಗಳಿಗೆ ಸಾಕಾಗುವಷ್ಟು ಫಿಲ್ಮ್ ಅದರೊಳಗೇ ಇರುತ್ತಿತ್ತು. ಕೊಂಡವರು ಗುಂಡಿ ಒತ್ತಬೇಕು, ಫಿಲ್ಮ್ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು. ಫಿಲ್ಮ್ ತೊಳೆದು, ಚಿತ್ರ ಅಚ್ಚುಹಾಕಿ, ಹೊಸ ಸುರುಳಿ ತುಂಬಿ ವಾಪಸು ಕಳಿಸುವ ಹೊಣೆಯೆಲ್ಲ ಕಂಪನಿಯದು. ಅದುವರೆಗೆ ರಾಸಾಯನಿಕಗಳ ವಾಸನೆ ಸಹಿಸಬಲ್ಲವರ ವಿದ್ಯೆಯಾಗಿದ್ದ ಛಾಯಾಗ್ರಹಣ ಎಲ್ಲರ ಕೈಗೂ ಬಂತು.

ಹ್ಯಾರೋದ ಆ ಕಾರ್ಖಾನೆ ಮುಚ್ಚಿದ್ದು 2016ರ ಕೊನೆಗೆ. ಅದೇ ವರ್ಷದ ಮಾರ್ಚ್‌ನಿಂದ ಬ್ರಿಟನ್ನಿನ ಶಾಲೆಗಳಲ್ಲಿ 11–12 ವಯಸ್ಸಿನ ಮಕ್ಕಳಿಗೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು ಉಚಿತವಾಗಿ ಸಿಗತೊಡಗಿತು. ಅದರ ಹೆಸರು ಬಿಬಿಸಿ ಮೈಕ್ರೊಬಿಟ್. ಏಳನೆಯ ತರಗತಿಯ ಪ್ರತಿ ಮಗುವಿಗೂ ಒಂದೊಂದು ಎಂಬ ಲೆಕ್ಕದಲ್ಲಿ 10 ಲಕ್ಷದವರೆಗೆ ಬೋರ್ಡುಗಳನ್ನು ಹಂಚುವ ಯೋಜನೆ ಅದು. ಈಸ್ಟ್‌ಮನ್ ಛಾಯಾಗ್ರಹಣಕ್ಕೆ ಮಾಡಿದ್ದನ್ನೇ ಈ ಬೋರ್ಡು ಎಲೆಕ್ಟ್ರಾನಿಕ್ಸ್‌ಗೆ ಮಾಡಿತು. ಕಷ್ಟದ ಭಾಗವನ್ನೆಲ್ಲ ಒಳಗೆ ಮಡಚಿಟ್ಟು, ಮಗುವಿನ ಬೆರಳಿಗೆ ಗುಂಡಿ ಕೊಟ್ಟಿತು.

ಹಾಗಾದರೆ ಇಂಥ ಬೋರ್ಡಿನಿಂದ ಶುರುಮಾಡಿದ ಮಗು ಎಲೆಕ್ಟ್ರಾನಿಕ್ಸ್‌ನ ಆಳಕ್ಕೆ ಇಳಿಯುತ್ತದೆಯೇ, ಹೊಸ್ತಿಲಲ್ಲೇ ಉಳಿಯುತ್ತದೆಯೇ? ಲಂಡನ್ನಿನ ಪೋಷಕರಿಗೂ ಬೆಂಗಳೂರಿನ ಪೋಷಕರಿಗೂ ಈ ಪ್ರಶ್ನೆ ಈಗ ಒಂದೇ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡು ತಾನಾಗಿ ಯಾರನ್ನೂ ಆಳಕ್ಕೆ ಒಯ್ಯುವುದಿಲ್ಲ. ಬೋರ್ಡು ಸಾಲದಾಗುವ ಗಳಿಗೆಯೊಂದು ಬರುತ್ತದೆ. ಆಗ ಮಗುವಿನ ಪಕ್ಕದಲ್ಲಿ ತಿಳಿದವರೊಬ್ಬರು ಇದ್ದರೆ ಮಗು ಆಳಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಬೋರ್ಡು ಮೇಜಿನ ಖಾನೆ ಸೇರುತ್ತದೆ.

ಮೈಕ್ರೊಕಂಟ್ರೋಲರ್ ಎಂದರೆ ಪ್ರೊಸೆಸರ್, ಮೆಮೊರಿ ಮತ್ತು ಹೊರಗಿನ ತಂತಿಗಳ ಜೊತೆ ವ್ಯವಹರಿಸುವ ಪಿನ್ನುಗಳು ಒಂದೇ ಚಿಪ್ಪಿನಲ್ಲಿ ಸೇರಿರುವ ಪುಟ್ಟ ಕಂಪ್ಯೂಟರ್. ವಾಷಿಂಗ್ ಮಷೀನು, ಟಿವಿ ರಿಮೋಟು, ಡಿಜಿಟಲ್ ತೂಕದ ಯಂತ್ರ ಎಲ್ಲದರಲ್ಲೂ ಅದಿದೆ. ಹಿಂದೆ ಅದಕ್ಕೆ ಪ್ರೋಗ್ರಾಮ್ ತುಂಬಲು ಬೇರೆಯೇ ಯಂತ್ರ ಬೇಕಿತ್ತು, ಡೇಟಾಶೀಟ್ ಓದಲು ಬರಬೇಕಿತ್ತು, ಸರಿಯಾದ ವೋಲ್ಟೇಜ್ ಒದಗಿಸುವ ಸರ್ಕ್ಯೂಟನ್ನೂ ನಾವೇ ಕಟ್ಟಬೇಕಿತ್ತು. ಹೊಸಬರಿಗಾಗಿ ಮಾಡಿದ ಬೋರ್ಡುಗಳು ಇದನ್ನೆಲ್ಲ ಒಂದೇ ಹಲಗೆಯ ಮೇಲೆ ಜೋಡಿಸಿ, ಯುಎಸ್‌ಬಿ ತಂತಿ ಚುಚ್ಚಿದರೆ ಸಾಕು ಎನ್ನುವಂತೆ ಮಾಡಿದವು. 2005ರಲ್ಲಿ ಇಟಲಿಯ ಇವ್ರೆಯಾ ಪಟ್ಟಣದ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ ಆರ್ಡುಯಿನೊ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಕೊಲಂಬಿಯಾದ ಎರ್ನಾಂಡೊ ಬರಗಾನ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ರೂಪಿಸಿದ ವೈರಿಂಗ್ ಎಂಬ ಯೋಜನೆಯೇ ಅದಕ್ಕೆ ತಳಹದಿ. ಆರ್ಡುಯಿನೊ ಹುಟ್ಟಿದ್ದು ಕಲಾವಿದರಿಗೆ, ವಿನ್ಯಾಸಕಾರರಿಗೆ. ಎಲೆಕ್ಟ್ರಾನಿಕ್ಸ್ ಕಲಿಯದೆಯೂ ತಮ್ಮ ಕಲ್ಪನೆಗೆ ಜೀವ ಕೊಡಲು ಅವರಿಗೆ ಒಂದು ಸಾಧನ ಬೇಕಿತ್ತು. ಎಲೆಕ್ಟ್ರಾನಿಕ್ಸ್ ಕಲಿಸಲಿಲ್ಲ ಎಂದು ಅದನ್ನು ದೂರುವ ಮೊದಲು, ಅದು ಯಾವ ಕೆಲಸಕ್ಕೆ ಹುಟ್ಟಿತು ಎಂಬುದನ್ನು ನೆನೆಯಬೇಕು.

ಮೈಕ್ರೊಬಿಟ್ಟಿನ ಬೇರು ಬ್ರಿಟನ್ನಿನಲ್ಲೇ ಇದೆ. 1981ರ ಡಿಸೆಂಬರಿನಲ್ಲಿ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ ಬಿಬಿಸಿಗಾಗಿ ಮಾಡಿಕೊಟ್ಟ ಬಿಬಿಸಿ ಮೈಕ್ರೊ ಕಂಪ್ಯೂಟರ್ ದೇಶದ ಶಾಲೆಗಳನ್ನು ತುಂಬಿತ್ತು. ಅದೇ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ವಿನ್ಯಾಸ ಮಾಡಿದ ಆರ್ಮ್ ಪ್ರೊಸೆಸರ್ 1985ರಲ್ಲಿ ಮೊದಲ ಬಾರಿ ಕೆಲಸ ಮಾಡಿತು. ಇಂದು ಮೈಕ್ರೊಬಿಟ್ಟಿನೊಳಗೆ ಇರುವುದೂ ಆ ಕುಟುಂಬದ ಪ್ರೊಸೆಸರೇ. ನಾಲ್ಕು ಸೆಂಟಿಮೀಟರಿಗೆ ಐದು ಸೆಂಟಿಮೀಟರು ಅಳತೆಯ ಹಲಗೆ, 25 ಪುಟ್ಟ ಎಲ್‌ಇಡಿ ದೀಪಗಳು, ಎರಡು ಗುಂಡಿಗಳು, ಅಲುಗಾಟ ಗುರುತಿಸುವ ಸಂವೇದಕ, ದಿಕ್ಸೂಚಿ. ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಅರ್ಧ ಗಂಟೆಯೊಳಗೆ ದೀಪಗಳಲ್ಲಿ ಹೃದಯದ ಚಿತ್ರ ಮೂಡುತ್ತದೆ. 2020ರ ಅಕ್ಟೋಬರಿನಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯಲ್ಲಿ ಮೈಕು, ಸ್ಪೀಕರು ಸೇರಿದವು. 2023ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಮತ್ತೆ ಏಳು ಲಕ್ಷ ಬೋರ್ಡುಗಳ ಕೊಡುಗೆ ಪ್ರಕಟವಾಯಿತು.

ಇಷ್ಟೆಲ್ಲ ಸುಲಭವಾದಾಗ ಏನು ಮರೆಯಾಯಿತು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಮೈಕ್ರೊಬಿಟ್ಟಿನಲ್ಲಿ ಬೆಳಕಿನ ಪ್ರಮಾಣ ತಿಳಿಸುವ ಒಂದು ಆಜ್ಞೆ ಇದೆ. ಕೋಣೆ ಕತ್ತಲಾದರೆ ದೀಪ ಹೊತ್ತಿಸು ಎಂದು ಮಗು ಐದು ನಿಮಿಷದಲ್ಲಿ ಬರೆಯುತ್ತದೆ. ಆದರೆ ಬೋರ್ಡನ್ನು ಎಷ್ಟು ತಿರುಗಿಸಿ ನೋಡಿದರೂ ಅದರ ಮೇಲೆ ಬೆಳಕಿನ ಸಂವೇದಕವೇ ಇಲ್ಲ! ಆ ಕೆಲಸ ಮಾಡುವುದು ಅವೇ 25 ಎಲ್‌ಇಡಿಗಳು. ಎಲ್‌ಇಡಿಗೆ ವೋಲ್ಟೇಜನ್ನು ಉಲ್ಟಾ ಕೊಟ್ಟರೆ ಅದು ಬೆಳಗುವುದಿಲ್ಲ, ಬದಲಿಗೆ ಒಂದಿಷ್ಟು ವಿದ್ಯುದಂಶ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬೆಳಕು ಬಿದ್ದಷ್ಟೂ ಅದು ಬೇಗ ಸೋರಿಹೋಗುತ್ತದೆ. ಸೋರಲು ಹಿಡಿದ ಸಮಯವನ್ನು ಚಿಪ್ಪು ಅಳೆದು ಬೆಳಕಿನ ಅಂಕಿಯಾಗಿ ಕೊಡುತ್ತದೆ. ಬೆಳಕು ಕೊಡುವ ವಸ್ತುವೇ ಬೆಳಕನ್ನು ಕಾಣಬಲ್ಲದು ಎಂಬ ಈ ಸಂಗತಿಯೊಳಗೆ ಅರೆವಾಹಕಗಳ ಒಂದು ಇಡೀ ಅಧ್ಯಾಯವಿದೆ. ಆಜ್ಞೆ ಅದನ್ನು ಅಚ್ಚುಕಟ್ಟಾಗಿ ಮುಚ್ಚಿಟ್ಟಿದೆ. ಸಂವೇದಕ ಎಲ್ಲಿದೆ ಎಂದು ಕೇಳುವ ಮಗುವಿಗೆ, ಅಥವಾ ಹಾಗೆ ಕೇಳುವಂತೆ ಮಾಡುವ ಮೇಷ್ಟರಿಗೆ ಮಾತ್ರ ಆ ಅಧ್ಯಾಯ ತೆರೆದುಕೊಳ್ಳುತ್ತದೆ.

ಇದನ್ನೇ ಹಿಡಿದು ಹಳೆಯ ತಲೆಮಾರಿನ ಎಂಜಿನಿಯರುಗಳು ಹೇಳುವ ಮಾತೊಂದಿದೆ: ನಾವು ಎಲ್ಲವನ್ನೂ ತಳದಿಂದ ಕಲಿತೆವು, ಈಗಿನವರು ಬರೀ ತುಂಡು ಜೋಡಿಸುತ್ತಾರೆ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ 8085 ಮತ್ತು 8051 ಎಂಬ ಚಿಪ್ಪುಗಳ ಟ್ರೈನರ್ ಕಿಟ್ಟುಗಳ ನೆನಪಿರುತ್ತದೆ. ಕೀಲಿಗಳ ಮೇಲೆ ಹೆಕ್ಸ್ ಸಂಖ್ಯೆಗಳನ್ನು ಒಂದೊಂದಾಗಿ ಕುಟ್ಟಿ, ಕೆಂಪು ಅಂಕಿಗಳಲ್ಲಿ ಎರಡು ಸಂಖ್ಯೆಗಳ ಮೊತ್ತ ಕಂಡರೆ ಅಂದಿನ ಲ್ಯಾಬು ಮುಗಿಯಿತು. ಅದು ನಿಜಕ್ಕೂ ಕಷ್ಟದ ಕೆಲಸ. ಆದರೂ ಒಂದು ರೆಸಿಸ್ಟರನ್ನೂ ಬೆಸುಗೆ ಹಾಕದೆ, ಒಂದು ಮೋಟರನ್ನೂ ತಿರುಗಿಸದೆ ಪದವಿ ಪಡೆದವರು ಎಷ್ಟೋ ಮಂದಿ. ಕಲಿಕೆ ಕಷ್ಟವಿದ್ದ ಮಾತ್ರಕ್ಕೆ ಆಳವಾಗಿರುವುದಿಲ್ಲ. ಆ ಕಷ್ಟವನ್ನು ಕಂಡು ಬಾಗಿಲಿನಿಂದಲೇ ಹಿಂತಿರುಗಿದವರ ಲೆಕ್ಕವನ್ನಂತೂ ಯಾರೂ ಇಟ್ಟಿಲ್ಲ. ಆ ಬಾಗಿಲನ್ನು ಅಗಲ ಮಾಡಿದ್ದಕ್ಕೆ ಆರ್ಡುಯಿನೊ, ಮೈಕ್ರೊಬಿಟ್ಟುಗಳಿಗೆ ನಾವು ಕೃತಜ್ಞರಾಗಿರಬೇಕು.

ಆಳ ಶುರುವಾಗುವುದು ಬೋರ್ಡು 'ಇದು ನನ್ನಿಂದಾಗದು' ಎನ್ನುವಲ್ಲಿ. ನನಗೆ ಅಂಥ ಜಾಗಗಳು ಮೂರು ಕಾಣುತ್ತವೆ.

ಮೊದಲನೆಯದು ಮೋಟರು. ದೀಪ ಮಿನುಗಿಸಿ ಬೇಸರವಾದ ಮಗು ಆಟಿಕೆ ಕಾರಿನಿಂದ ಒಂದು ಮೋಟರು ಕಿತ್ತು ಬೋರ್ಡಿನ ಪಿನ್ನಿಗೆ ಸಿಕ್ಕಿಸುತ್ತದೆ. ಮೋಟರು ಅಲುಗುವುದೇ ಇಲ್ಲ. ಮೊದಲ ಆವೃತ್ತಿಯ ಮೈಕ್ರೊಬಿಟ್ಟಿನ ಒಂದು ಪಿನ್ನು ಹೆಚ್ಚೆಂದರೆ 5 ಮಿಲಿಆಂಪಿಯರ್ ಕೊಡಬಲ್ಲದು. ಆಟಿಕೆ ಮೋಟರಿಗೆ ಬೇಕಾದದ್ದು ನೂರಾರು ಮಿಲಿಆಂಪಿಯರ್. ಪ್ರೋಗ್ರಾಮನ್ನು ಎಷ್ಟು ತಿದ್ದಿದರೂ ಈ ಕೊರತೆ ತುಂಬುವುದಿಲ್ಲ. ಇಲ್ಲಿ ಟ್ರಾನ್ಸಿಸ್ಟರ್ ಬರಬೇಕು. ಪಿನ್ನಿನಿಂದ ಬಂದ ಅಲ್ಪ ಕರೆಂಟು ಬ್ಯಾಟರಿಯ ದೊಡ್ಡ ಕರೆಂಟನ್ನು ಹೇಗೆ ಆಳುತ್ತದೆ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಸಮಸ್ಯೆ. ಮೋಟರನ್ನು ನಿಲ್ಲಿಸಿದ ಕ್ಷಣ ಅದರ ಸುರುಳಿಯಿಂದ ಉಲ್ಟಾ ವೋಲ್ಟೇಜು ಚಿಮ್ಮಿ ಟ್ರಾನ್ಸಿಸ್ಟರನ್ನು ಸುಡಬಹುದು. ಅದನ್ನು ತಡೆಯಲು ಒಂದು ಡಯೋಡು ಬೇಕು. ಶಾಲೆಯ ಪುಸ್ತಕದಲ್ಲಿ ಮೂರು ಬೇರೆ ಬೇರೆ ಪಾಠಗಳಾಗಿದ್ದ ಸಂಗತಿಗಳು ಒಂದು ಮಧ್ಯಾಹ್ನದಲ್ಲಿ ಒಟ್ಟಿಗೇ ಬಂದು ನಿಲ್ಲುತ್ತವೆ, ಅದೂ ಮಗುವಿಗೆ ಅವು ಬೇಕೇಬೇಕು ಎನಿಸಿರುವ ಹೊತ್ತಿನಲ್ಲಿ.

ಎರಡನೆಯದು ಗುಂಡಿ. ಬೋರ್ಡಿನ ಮೇಲಿನ ಎರಡು ಗುಂಡಿಗಳು ಹೇಳಿದ ಮಾತು ಕೇಳುತ್ತವೆ. ಹೊರಗಿನಿಂದ ತಂದ ಗುಂಡಿಯನ್ನು ತಂತಿಯಲ್ಲಿ ಜೋಡಿಸಿದರೆ ಒಮ್ಮೆ ಒತ್ತಿದ್ದಕ್ಕೆ ಎಣಿಕೆ ಮೂರು ನಾಲ್ಕು ಎನ್ನುತ್ತದೆ, ಕೆಲವೊಮ್ಮೆ ಮುಟ್ಟದಿದ್ದರೂ ಓಡುತ್ತದೆ. ಲೋಹದ ಎರಡು ತುದಿಗಳು ಕೂಡುವಾಗ ಕೆಲವು ಮಿಲಿಸೆಕೆಂಡು ಪುಟಿಯುತ್ತವೆ, ಚಿಪ್ಪು ಆ ಪುಟಿತವನ್ನೆಲ್ಲ ಎಣಿಸುವಷ್ಟು ವೇಗದ್ದು. ಯಾವುದಕ್ಕೂ ಜೋಡಿಸದ ಪಿನ್ನು ಸುತ್ತಲಿನ ವಿದ್ಯುತ್ ಗದ್ದಲಕ್ಕೆ ಸೂತ್ರ ಹರಿದ ಗಾಳಿಪಟದಂತೆ ಹೊಯ್ದಾಡುತ್ತದೆ. ಅದನ್ನು ಒಂದು ನೆಲೆಗೆ ಕಟ್ಟಿಹಾಕಲು 10 ಸಾವಿರ ಓಮಿನ ರೆಸಿಸ್ಟರು ಸಾಕು. ಸೊನ್ನೆ ಮತ್ತು ಒಂದು ಎಂಬ ಶುದ್ಧ ಲೆಕ್ಕದ ಲೋಕವನ್ನು ತಂತಿ, ಲೋಹ, ಗದ್ದಲಗಳಿಂದ ಕಷ್ಟಪಟ್ಟು ಕಟ್ಟಲಾಗಿದೆ ಎಂಬ ಅರಿವು ಇಲ್ಲಿ ಮೂಡುತ್ತದೆ.

ಮೂರನೆಯದು ಬ್ಯಾಟರಿ. ಗಿಡದ ಕುಂಡದ ತೇವ ನೋಡಿ ಹೇಳುವ ಯಂತ್ರವನ್ನು ಆರ್ಡುಯಿನೊ ಊನೊ ಬೋರ್ಡಿನಲ್ಲಿ ಮಾಡಿ ಬಾಲ್ಕನಿಯಲ್ಲಿಟ್ಟರೆ ಎರಡೇ ದಿನಕ್ಕೆ ಸೆಲ್ಲುಗಳು ಖಾಲಿ. ಏನೂ ಮಾಡದೆ ಕೂತಾಗಲೂ ಊನೊ ಸುಮಾರು 45 ಮಿಲಿಆಂಪಿಯರ್ ಕುಡಿಯುತ್ತದೆ. ಸಾಮಾನ್ಯ ಎಎ ಸೆಲ್ಲಿನ ಸಾಮರ್ಥ್ಯ 2,000ದಿಂದ 2,500 ಮಿಲಿಆಂಪಿಯರ್ ಗಂಟೆ. ಭಾಗಾಕಾರ ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಅಷ್ಟೊಂದು ಕರೆಂಟು ಹೋಗುವುದೆಲ್ಲಿ? ಯುಎಸ್‌ಬಿ ಚಿಪ್ಪಿಗೆ, ವೋಲ್ಟೇಜ್ ರೆಗ್ಯುಲೇಟರಿಗೆ, ಸದಾ ಉರಿಯುವ ಒಂದು ದೀಪಕ್ಕೆ, ಎಂದೂ ನಿದ್ದೆಮಾಡದ ಪ್ರೊಸೆಸರಿಗೆ. ಬೋರ್ಡನ್ನು ಸುಲಭ ಮಾಡಲು ಸೇರಿಸಿದ ಭಾಗಗಳೇ ಇಲ್ಲಿ ಹೊರೆ. ಆಗ ಅದರೊಳಗಿನ ಎಟಿಮೆಗಾ 328 ಚಿಪ್ಪನ್ನು ಮಾತ್ರ, ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿಗೆ ತರಬೇಕಾಗುತ್ತದೆ. 16 ಮೆಗಾಹರ್ಟ್ಸಿನ ಒಂದು ಕ್ರಿಸ್ಟಲ್, 22 ಪಿಕೊಫ್ಯಾರಡಿನ ಎರಡು ಕೆಪಾಸಿಟರು, ರೀಸೆಟ್ ಪಿನ್ನಿಗೆ ಒಂದು ರೆಸಿಸ್ಟರು, ವಿದ್ಯುತ್ತಿನ ಏರಿಳಿತ ತಡೆಯಲು ಚಿಪ್ಪಿನ ಪಕ್ಕದಲ್ಲೇ ಇನ್ನೊಂದು ಕೆಪಾಸಿಟರು: ಆರ್ಡುಯಿನೊದ ತಿರುಳು ಇಷ್ಟೇ. ಆ ಚಿಪ್ಪನ್ನು ನಿದ್ದೆಗೆ ಕಳಿಸಿ ಗಂಟೆಗೊಮ್ಮೆ ಎಬ್ಬಿಸಿದರೆ ಕರೆಂಟಿನ ಬಳಕೆ ಮೈಕ್ರೊಆಂಪಿಯರಿನ ಮಟ್ಟಕ್ಕೆ ಇಳಿದು, ಅಷ್ಟೇ ಸೆಲ್ಲುಗಳು ತಿಂಗಳುಗಟ್ಟಲೆ ಬರುತ್ತವೆ. ಈ ಹೆಜ್ಜೆ ಇಟ್ಟವರು ಹೊಸ್ತಿಲು ದಾಟಿದರು ಎಂದೇ ಲೆಕ್ಕ. ಮುಂದೆ ಕೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ತಮ್ಮದೇ ಸರ್ಕ್ಯೂಟ್ ಬೋರ್ಡು ಬಿಡಿಸುವುದಕ್ಕೂ ದಾರಿ ತಾನಾಗಿ ತೆರೆಯುತ್ತದೆ.

ಆದರೆ ಈ ಮೂರೂ ಜಾಗಗಳಲ್ಲಿ ಮಗು ಕೈಚೆಲ್ಲಿ ಎದ್ದುಹೋಗುವ ಸಂಭವವೂ ಅಷ್ಟೇ ಇದೆ. ಮೋಟರು ತಿರುಗಲಿಲ್ಲ ಎಂಬುದು ಕಾಣುತ್ತದೆ, ಯಾಕೆ ಎಂಬುದು ಕಾಣುವುದಿಲ್ಲ. ಮಲ್ಟಿಮೀಟರ್ ಹಿಡಿದು 'ಇಲ್ಲಿ ಅಳೆದು ನೋಡು' ಎನ್ನುವ ಒಬ್ಬರು ಬೇಕು. ಛಾಯಾಗ್ರಹಣದಲ್ಲೂ ಹೀಗೇ. ಅಮೆರಿಕದ ಹೆಸರಾಂತ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1916ರಲ್ಲಿ, 14ರ ಪ್ರಾಯದಲ್ಲಿ, ಯೋಸೆಮಿಟಿ ಕಣಿವೆಯಲ್ಲಿ ಮೊದಲ ಚಿತ್ರಗಳನ್ನು ತೆಗೆದದ್ದು ಕೊಡಕ್‌ನ ಬ್ರೌನಿ ಎಂಬ ಸರಳ ಡಬ್ಬಿ ಕ್ಯಾಮೆರಾದಲ್ಲಿ. ಲಕ್ಷಾಂತರ ಜನರ ಕೈಯಲ್ಲಿದ್ದ ಅದೇ ಕ್ಯಾಮೆರಾ ಅವರೊಬ್ಬರನ್ನು ಅಷ್ಟು ದೂರ ಒಯ್ದದ್ದಕ್ಕೆ ಬೇರೆ ಕಾರಣಗಳೂ ಇರಬಹುದು, ಒಂದಂತೂ ಸ್ಪಷ್ಟ. ಮರುವರ್ಷವೇ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಫಿಲ್ಮ್ ತೊಳೆದು ಅಚ್ಚುಹಾಕುವವರೊಬ್ಬರ ಬಳಿ ಕೆಲಸಕ್ಕೆ ಸೇರಿದರು. ಕತ್ತಲಕೋಣೆಯ ಕೆಲಸ ಅವರಿಗೆ ಒಬ್ಬ ಬಲ್ಲವರ ಪಕ್ಕದಲ್ಲಿ ನಿಂತು ಸಿಕ್ಕಿತು. ಆರ್ಮ್ ಪ್ರೊಸೆಸರಿನ ಸ್ಟೀವ್ ಫರ್ಬರ್ ಕೂಡ ವಿದ್ಯಾರ್ಥಿ ದೆಸೆಯಲ್ಲಿ ಕೇಂಬ್ರಿಡ್ಜಿನ ಪ್ರೊಸೆಸರ್ ಗ್ರೂಪ್ ಎಂಬ ಹವ್ಯಾಸಿಗಳ ಕೂಟದಲ್ಲಿದ್ದವರು, ಅಲ್ಲಿ ಸ್ವಂತ ಕಂಪ್ಯೂಟರು ಕಟ್ಟುತ್ತಿದ್ದ ಹುಡುಗರ ಜೊತೆ ಬೆಳೆದವರು.

ಸಂಗಡಿಗರನ್ನೂ ಮೆಟ್ಟಿಲುಗಳನ್ನೂ ಒಟ್ಟಿಗೆ ಕೊಡುವ ಏರ್ಪಾಡೊಂದು ಬ್ರಿಟನ್ನಿನಲ್ಲಿ ಆಗಲೇ ಇದೆ, ಅದು ಹವ್ಯಾಸಿ ರೇಡಿಯೊ. 1913ರಲ್ಲಿ ಲಂಡನ್ ವೈರ್‌ಲೆಸ್ ಕ್ಲಬ್ ಎಂದು ಶುರುವಾದ ಸಂಘವೇ ಇಂದಿನ ರೇಡಿಯೊ ಸೊಸೈಟಿ ಆಫ್ ಗ್ರೇಟ್ ಬ್ರಿಟನ್. ಹೊಸಬರಿಗೆ ಹಳೆಯ ಪರೀಕ್ಷೆ ಭಾರವಾಗುತ್ತದೆ ಎಂದು ಕಂಡಾಗ 2002ರಲ್ಲಿ ಸುಲಭದ ಫೌಂಡೇಶನ್ ಲೈಸೆನ್ಸ್ ಬಂತು. ಆದರೆ ಅದನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಅದರ ಮೇಲೆ ಇಂಟರ್‌ಮೀಡಿಯೆಟ್, ಅದರ ಮೇಲೆ ಫುಲ್ ಲೈಸೆನ್ಸ್. ಮೇಲೇರಿದಂತೆ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡುವ ಹಕ್ಕು. 2024ರ ಬದಲಾವಣೆಯ ನಂತರ ಅದು ಮೂರು ಹಂತಗಳಿಗೆ 25, 100 ಮತ್ತು 1,000 ವ್ಯಾಟ್. ಎರಡನೆಯ ಹಂತದ ತರಬೇತಿಯಲ್ಲಿ ಒಂದು ಸಣ್ಣ ಸರ್ಕ್ಯೂಟನ್ನು ಕೈಯಾರೆ ಬೆಸುಗೆ ಹಾಕಿ ತೋರಿಸುವುದನ್ನು ಸೇರಿಸಿದ್ದರು. ಒಂದು ಮೆಟ್ಟಿಲು ಹತ್ತಿದವರು ಮುಂದೆ ಎಲ್ಲಿಗೆ ಹತ್ತಬೇಕು ಎಂಬುದು ಅಲ್ಲಿ ಮೊದಲ ದಿನವೇ ಗೊತ್ತಿರುತ್ತದೆ. ಮೈಕ್ರೊಬಿಟ್ಟಿನ ಮಗುವಿಗೆ ಹಾಗೆ ಎರಡನೆಯ ಮೆಟ್ಟಿಲನ್ನು ತೋರಿಸಿದವರು ಕಡಿಮೆ.

ಶಾಲೆಯ ಏರ್ಪಾಡೂ ಇದಕ್ಕೆ ಒಂದು ಕಾರಣ. ಇಂಗ್ಲೆಂಡಿನಲ್ಲಿ 2014ರ ಸೆಪ್ಟೆಂಬರಿನಿಂದ ಕಂಪ್ಯೂಟಿಂಗ್ ಎಂಬ ಹೊಸ ವಿಷಯ ಬಂತು, ಮೈಕ್ರೊಬಿಟ್ ಮುಖ್ಯವಾಗಿ ಅದರ ಪಾಲಿಗೆ ಹೋಯಿತು. ಬೆಸುಗೆಯ ಉಪಕರಣಗಳಿರುವುದು ಡಿಸೈನ್ ಅಂಡ್ ಟೆಕ್ನಾಲಜಿಯ ಕೋಣೆಯಲ್ಲಿ. ಎರಡು ವಿಷಯ, ಇಬ್ಬರು ಮೇಷ್ಟರು, ಎರಡು ವೇಳಾಪಟ್ಟಿ. ಬೋರ್ಡು ಒಂದು ಕೋಣೆಯಲ್ಲಿ, ಬೋರ್ಡು ಸಾಲದಾದಾಗ ಬೇಕಾಗುವ ಸಾಮಾನು ಇನ್ನೊಂದರಲ್ಲಿ. ಯೋಜನೆಯ ಫಲವನ್ನು ಅಳೆದದ್ದೂ ಮೊದಲ ಕೋಣೆಯ ಅಳತೆಗೋಲಿನಿಂದಲೇ. 2017ರಲ್ಲಿ ಬಿಬಿಸಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಯಾರು ಬೇಕಾದರೂ ಕೋಡ್ ಬರೆಯಬಹುದು ಎಂಬುದನ್ನು ಮೈಕ್ರೊಬಿಟ್ ತೋರಿಸಿಕೊಟ್ಟಿತು ಎಂದವರು ಶೇಕಡಾ 90 ಮಕ್ಕಳು. ಕಂಪ್ಯೂಟಿಂಗ್ ಆಯ್ದುಕೊಳ್ಳುತ್ತೇವೆ ಎಂದ ಹುಡುಗಿಯರ ಪ್ರಮಾಣವೂ ಗಣನೀಯವಾಗಿ ಏರಿತ್ತು. ಇದು ಸಂತೋಷದ ಸುದ್ದಿ. ಆದರೆ ಇದು ಕೋಡಿನ ಬಗೆಗಿನ ಉತ್ತರ. ಟ್ರಾನ್ಸಿಸ್ಟರ್ ಎಂದರೇನೆಂದು ತಿಳಿಯುವ ಆಸೆ ಎಷ್ಟು ಮಕ್ಕಳಲ್ಲಿ ಹುಟ್ಟಿತು ಎಂಬುದು ಇದರಿಂದ ತಿಳಿಯುವುದಿಲ್ಲ.

ಇನ್ನು ಅಂಗಡಿ. 1972ರಲ್ಲಿ ಎಸೆಕ್ಸಿನಲ್ಲಿ ಹುಟ್ಟಿ ಊರೂರಿಗೆ ಹಬ್ಬಿದ್ದ ಮ್ಯಾಪ್ಲಿನ್ ಎಂಬ ಎಲೆಕ್ಟ್ರಾನಿಕ್ಸ್ ಅಂಗಡಿಗಳು 2018ರಲ್ಲಿ ಮುಚ್ಚಿದವು. ಇಂದು ಹ್ಯಾರೋದ ಮಗುವಿಗೆ ಒಂದು ರೆಸಿಸ್ಟರು ಬೇಕೆಂದರೆ ಆನ್‌ಲೈನಿನಲ್ಲಿ ತರಿಸಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಈಗಲೂ ಗಲ್ಲಾದ ಮುಂದೆ ನಿಂತು 'ಅಣ್ಣಾ, ಈ ಮೋಟರಿಗೆ ಯಾವ ಟ್ರಾನ್ಸಿಸ್ಟರ್ ಹಾಕ್ಬೇಕು' ಎಂದು ಕೇಳಬಹುದು, ಪಕ್ಕದಲ್ಲಿ ನಿಂತ ಗಿರಾಕಿಯೇ ಉತ್ತರ ಕೊಡುವುದೂ ಉಂಟು. ಅಂಥ ಮಾತುಕತೆಯ ಬೆಲೆ ಅದು ಇಲ್ಲದ ಊರಿನಲ್ಲಿ ತಿಳಿಯುತ್ತದೆ.

ಬೋರ್ಡಿನ ಪಕ್ಕದಲ್ಲಿ ತಿಳಿದವರು ಇದ್ದಾರೆಯೇ ಎಂಬ ಪ್ರಶ್ನೆ ಕರ್ನಾಟಕದಲ್ಲೂ ದೊಡ್ಡದಾಗಿಯೇ ಎದುರಾಗಿದೆ. 2016ರಲ್ಲಿ ಆರಂಭವಾದ ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಶಾಲೆಯೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ದೇಶದಲ್ಲಿ ಈಗ ಇಂಥ 10,000ಕ್ಕೂ ಹೆಚ್ಚು ಲ್ಯಾಬುಗಳಿವೆ. ಐದು ವರ್ಷಗಳಲ್ಲಿ ಇನ್ನೂ 50,000 ಎಂದು 2025ರ ಬಜೆಟ್ ಹೇಳಿದೆ. ಅಲ್ಲೂ ಆರ್ಡುಯಿನೊ ಬೋರ್ಡುಗಳ ಡಬ್ಬಿಗಳಿವೆ. ಆ ಡಬ್ಬಿಗಳ ಜೊತೆ ಮಲ್ಟಿಮೀಟರ್ ಹಿಡಿದು ಮಕ್ಕಳ ಪಕ್ಕ ಕೂರಬಲ್ಲ ಒಬ್ಬ ಮೇಷ್ಟರನ್ನು ಕೊಡದಿದ್ದರೆ, ಹಣದ ಬಹುಪಾಲು ಮಿನುಗುವ ದೀಪಗಳಲ್ಲೇ ಮುಗಿದುಹೋಗುತ್ತದೆ.

ಹ್ಯಾರೋ ಸುತ್ತಮುತ್ತಲಿನ ಕನ್ನಡ ಮನೆಗಳಲ್ಲಿ ಸಾಫ್ಟ್‌ವೇರ್ ಕೆಲಸದ ಅಪ್ಪ ಅಮ್ಮಂದಿರು ಬಹಳ. ಮಗು ಮೈಕ್ರೊಬಿಟ್ ತಂದಾಗ ಅವರ ಕಣ್ಣು ಸಹಜವಾಗಿ ಪರದೆಯ ಕಡೆಗೆ ಹೋಗುತ್ತದೆ. ತುಂಡು ಜೋಡಿಸುವುದು ಬಂತೆ, ಇನ್ನು ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯಲು ಕಲಿ ಎನ್ನುತ್ತಾರೆ. ಪೈಥಾನ್ ಕಲಿಯುವುದು ಒಳ್ಳೆಯದೇ. ಆದರೆ ಅದು ಎಲೆಕ್ಟ್ರಾನಿಕ್ಸ್‌ನಿಂದ ದೂರ ಹೋಗುವ ದಾರಿ. ಅವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ಹುಟ್ಟುಹಬ್ಬಕ್ಕೆ ಇನ್ನೂ ದೊಡ್ಡ ಬೋರ್ಡು, ಇನ್ನೂ ಹೊಳೆಯುವ ಕಿಟ್ಟು ತರಬೇಡಿ. ಒಂದು ಬ್ರೆಡ್‌ಬೋರ್ಡು, ಒಂದು ಅಗ್ಗದ ಮಲ್ಟಿಮೀಟರು, ಒಂದು ಹಿಡಿ ರೆಸಿಸ್ಟರು, ನಾಲ್ಕಾರು ಟ್ರಾನ್ಸಿಸ್ಟರು ಮತ್ತು ಡಯೋಡು, ಒಂದು ಆಟಿಕೆ ಮೋಟರು ತನ್ನಿ. 5 ವೋಲ್ಟಿನ ಬೋರ್ಡಿನಲ್ಲಿ ಕೆಂಪು ಎಲ್‌ಇಡಿ ತಾನು 2 ವೋಲ್ಟ್ ಇಟ್ಟುಕೊಂಡರೆ ಉಳಿದ 3 ವೋಲ್ಟನ್ನು 220 ಓಮ್ ಹೊರಬೇಕು, ಹಾಗಾಗಿ ಕರೆಂಟು ಸುಮಾರು 14 ಮಿಲಿಆಂಪಿಯರ್ ಎಂಬ ಲೆಕ್ಕವನ್ನು ಕಾಗದದ ಮೇಲೆ ಮಾಡಿ, ಆಮೇಲೆ ಮೀಟರಿನಲ್ಲಿ ಅಳೆದು ನೋಡಲಿ. ಲೆಕ್ಕಕ್ಕೂ ಮೀಟರಿಗೂ ಇರುವ ಚೂರು ವ್ಯತ್ಯಾಸ ಎಲ್ಲಿಂದ ಬಂತು ಎಂದು ಮಗು ಕೇಳಿದರೆ, ಅದು ಒಳಗೆ ಕಾಲಿಟ್ಟಿತು.

ತಮಗೇ ಇದು ಬರುವುದಿಲ್ಲ ಎನ್ನುವ ಪೋಷಕರ ಮನೆಯಲ್ಲೂ ಹಲವು ಬಾರಿ ಗುರುಗಳಿರುತ್ತಾರೆ. ಬೇಸಿಗೆಯಲ್ಲಿ ಆರು ತಿಂಗಳ ವೀಸಾ ಹಿಡಿದು ಬೆಂಗಳೂರಿನಿಂದ ಬರುವ ಅಜ್ಜ ಅಜ್ಜಿಯರಲ್ಲಿ ಜಾಲಹಳ್ಳಿಯ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್‌ನಲ್ಲಿ, ದೂರವಾಣಿ ನಗರದ ಟೆಲಿಫೋನ್ ಕಾರ್ಖಾನೆ ಐಟಿಐನಲ್ಲಿ ದುಡಿದು ನಿವೃತ್ತರಾದವರಿದ್ದಾರೆ. ಐಟಿಐನ ಜೋಡಣೆಯ ಸಾಲುಗಳಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಟೆಲಿಫೋನಿನ ಸೂಕ್ಷ್ಮ ಭಾಗಗಳನ್ನು ಕಟ್ಟಿದ ಕೈಗಳು ಅವು. ಮೊಮ್ಮಗಳ ಮೈಕ್ರೊಬಿಟ್ಟಿನ ಭಾಷೆ ಅಜ್ಜಿಗೆ ಗೊತ್ತಿಲ್ಲದಿರಬಹುದು, ಬೆಸುಗೆ ಎಲ್ಲಿ ಸಡಿಲವಾಗಿದೆ ಎಂಬುದು ಅವರ ಕಣ್ಣಿಗೆ ಒಂದೇ ನೋಟಕ್ಕೆ ಬೀಳುತ್ತದೆ. 1983ರಿಂದ ಬ್ರಿಟನ್ನಿನಲ್ಲಿ ನಡೆದುಬಂದಿರುವ ಕನ್ನಡ ಬಳಗದಂಥ ಸಂಘಗಳು ಯುಗಾದಿ, ದೀಪಾವಳಿ ಸೇರುವಿಕೆಗಳಲ್ಲಿ ಹಾಡು, ನೃತ್ಯ, ನಾಟಕಗಳ ಜೊತೆಗೆ ಒಂದು ಮೂಲೆಯಲ್ಲಿ ಮೇಜು ಹಾಕಿ, ಎರಡು ಸೋಲ್ಡರಿಂಗ್ ಐರನ್ನು, ನಾಲ್ಕು ಮೀಟರು ಇಟ್ಟು, ಇಂಥ ಹಿರಿಯರನ್ನು ಕೂರಿಸಲಿ. ತಿರುಗದ ಮೋಟರು, ಮಾತು ಕೇಳದ ಗುಂಡಿ, ಬೇಗ ಖಾಲಿಯಾಗುವ ಬ್ಯಾಟರಿ ಹಿಡಿದ ಮಕ್ಕಳು ಅಲ್ಲಿಗೆ ಬರಲಿ. ಬೋರ್ಡನ್ನು ಬಿಬಿಸಿ ಕೊಟ್ಟಿದೆ, ಶಾಲೆ ಕೊಟ್ಟಿದೆ, ಅಂಗಡಿಯೂ ಕೊಡುತ್ತದೆ. ಅದು ಸಾಲದಾದಾಗ ಪಕ್ಕದಲ್ಲಿ ಕೂರುವ ಕೆಲಸ ನಮ್ಮದು. ಅದಕ್ಕೆ ಬೇಕಾದ ಜನ ನಮ್ಮಲ್ಲೇ ಇದ್ದಾರೆ.